ನದಿಯನ್ನು ಕುರಿತು ನಿಜ ನುಡಿಯುವುದು

ಒಬ್ಬ ಮನುಷ್ಯನ ವಿಷಯದಲ್ಲಿ ನಾವು ಸುಳ್ಳು ನುಡಿದರೆ ಅವನು ನೊಂದುಕೊಳ್ಳುತ್ತಾನೆ, ಪ್ರತಿಭಟಿಸುತ್ತಾನೆ, ಬೇಕಾದರೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತುತ್ತಾನೆ. ಒಂದು ನದಿಯ ವಿಷಯದಲ್ಲಿ, ಒಂದು ಮರದ ಅಥವಾ ಹಕ್ಕಿಯ ವಿಷಯದಲ್ಲಿ ಸುಳ್ಳು ನುಡಿದರೆ ಕೇಳುವವರಾರು? ಕೇಳುವವರಿಲ್ಲವೆಂಬ ಮಾತ್ರಕ್ಕೆ ಅದು ಅಸತ್ಯವಲ್ಲವೇ? ಶ್ರಾವಕನ ಸತ್ಯಾಣುವ್ರತವು ಮಾತು ಬಲ್ಲ ಮನುಷ್ಯರ ನಡುವಣ ವ್ಯವಹಾರಕ್ಕಷ್ಟೇ ಸೀಮಿತವೋ, ಅಥವಾ ಮಾತು ಬಾರದ ಜೀವರಾಶಿಯ ಬಗೆಗೆ ನಾವು ಆಡುವ ಮತ್ತು ಬರೆಯುವ ಮಾತಿಗೂ ಅದು ಅನ್ವಯಿಸುವುದೋ? ಮೇಲ್ನೋಟಕ್ಕೆ ಇದು ಸಣ್ಣ ಪ್ರಶ್ನೆಯೆಂದು ತೋರಬಹುದು. ವಿಚಾರ ಮಾಡಿದಷ್ಟೂ ಅದು ಹಿರಿದಾಗುತ್ತ ಹೋಗುತ್ತದೆಂಬುದು ನನ್ನ ಅನುಭವ.

ಈ ಪ್ರಶ್ನೆ ನನಗೆ ಗ್ರಂಥಾವಲೋಕನದಿಂದ ಹುಟ್ಟಿದುದಲ್ಲ. ಕೆಲವು ತಿಂಗಳ ಹಿಂದೆ, ಫೆಬ್ರವರಿಯ ಕೊನೆಯ ವಾರದಲ್ಲಿ, ಉತ್ತರ ಕನ್ನಡದ ಕಾಳಿ ನದಿಯ ಮೇಲೆ ರಬ್ಬರ್ ದೋಣಿಯಲ್ಲಿ ಕುಳಿತಿದ್ದಾಗ ಹುಟ್ಟಿದ್ದು. ಜಯನಗರದಲ್ಲಿ ಮೂವತ್ತು ವರ್ಷಗಳಿಂದ ನೆಲೆಸಿ, ಪಾಠಪ್ರವಚನದಲ್ಲಿಯೇ ಕಾಲ ಕಳೆದ ನನ್ನಂಥವನಿಗೆ ದೋಣಿವಿಹಾರವೆಲ್ಲಿ, ನಾನೆಲ್ಲಿ! ಜೆ.ಪಿ. ನಗರದಲ್ಲಿರುವ ನನ್ನ ತಮ್ಮನ ಮಗಳು ನಿಸರ್ಗ ಬರವಣಿಗೆಯನ್ನು ಕಲಿಸುವ ಒಂದು ಶಿಬಿರಕ್ಕೆ ಹೆಸರು ಕೊಟ್ಟಿದ್ದಳು. "ದೊಡ್ಡಪ್ಪ, ನೀವು ಇಷ್ಟು ವರ್ಷ ಮಕ್ಕಳಿಗೆ ಪ್ರಬಂಧ ಬರೆಯುವುದನ್ನು ಹೇಳಿಕೊಟ್ಟಿದ್ದೀರಿ. ಈಗ ಮೂರು ದಿನ ನೀವೇ ವಿದ್ಯಾರ್ಥಿಯಾಗಿ" ಎಂದು ಒತ್ತಾಯಪಡಿಸಿದಳು. ಹೀಗೆ ಒಂದು ರಾತ್ರಿ ಬಸ್ಸು ಹತ್ತಿ ಬೆಳಗಿನ ಹೊತ್ತಿಗೆ ದಾಂಡೇಲಿಯನ್ನೂ, ಅಲ್ಲಿಂದ ಗಣೇಶಗುಡಿಯನ್ನೂ ತಲುಪಿದೆವು.

ಗುರುವಿನೊಡನೆ ಕಾಡಿಗೆ ಹೋಗಿ, ಕಂಡುದನ್ನು ಬರೆಯಲು ಕಲಿಯುವುದು ಕನ್ನಡಕ್ಕೆ ಹೊಸತೇನೂ ಅಲ್ಲ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ.ಜಿ.ಎಲ್. ಸ್ವಾಮಿಯವರು ತಮ್ಮ ಶಿಷ್ಯರೊಡನೆ ಕೈಗೊಂಡ ಸಸ್ಯಪರ್ಯಟನೆಗಳಿಂದಲೇ 'ಹಸುರು ಹೊನ್ನು' ಮೈದಾಳಿತು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಆ ಗ್ರಂಥದ ಹಿರಿಮೆ ಅದರ ವಿನೋದದಲ್ಲಿ ಎಷ್ಟಿದೆಯೋ, ಎಲೆಯ ಅಂಚು ಹೇಗಿದೆ, ಹೂವಿನ ಎಸಳು ಎಷ್ಟು ಎಂಬುದನ್ನು ತಪ್ಪದೆ ಹೇಳುವ ನಿಷ್ಠೆಯಲ್ಲಿಯೂ ಅಷ್ಟೇ ಇದೆ. ನಮ್ಮ ಶಿಬಿರದ ಮಾರ್ಗದರ್ಶಕರೂ ಇದೇ ಪರಂಪರೆಯನ್ನು ನೆನಪಿಸಿ, ಮೊದಲ ದಿನವೇ ಮೂರು ನಿಯಮಗಳನ್ನು ವಿಧಿಸಿದರು. ಮೊದಲ ಐದು ವಾಕ್ಯಗಳಲ್ಲಿ 'ನಾನು' ಎಂಬ ಪದ ಬರಕೂಡದು. ಕಂಡುದನ್ನು ಬರೆಯುವ ಮೊದಲು ಹತ್ತು ನಿಮಿಷ ಮೌನವಾಗಿ ಕುಳಿತು ಕೇಳಿದುದನ್ನು ಬರೆಯಬೇಕು. 'ರಮಣೀಯ', 'ಮನೋಹರ' ಎಂಬ ವಿಶೇಷಣಗಳನ್ನು ಬಳಸುವ ಮುನ್ನ, ಹಾಗೆ ಅನ್ನಿಸಲು ಕಾರಣವಾದ ವಸ್ತು ಯಾವುದೆಂದು ಹೆಸರಿಸಬೇಕು.

ಮರುದಿನ ದೋಣಿಯೇರಿದೆವು. ಎಂಟು ಜನ ಕುಳಿತುಕೊಳ್ಳುವ ಗಾಳಿ ತುಂಬಿದ ದೋಣಿ. ಮೈಗೆ ತೇಲಂಗಿ, ತಲೆಗೆ ಶಿರಸ್ತ್ರಾಣ, ಕೈಗೊಂದು ಹುಟ್ಟು. ದೋಣಿಯ ಹಿಂಬದಿಯಲ್ಲಿ ಕುಳಿತು ದಾರಿ ತೋರುವವನು ಆ ಸೀಮೆಯವನೇ ಆದ, ಮೂವತ್ತರ ಆಸುಪಾಸಿನ ಯುವಕ. ಅವನು ಕೂಗಿದಾಗ ಹುಟ್ಟು ಹಾಕಬೇಕು, ನಿಲ್ಲಿಸೆಂದಾಗ ನಿಲ್ಲಿಸಬೇಕು. ಬಂಡೆಗಳ ನಡುವೆ ನೀರು ಇಳಿಜಾರಿಗೆ ಧುಮುಕುವಲ್ಲಿ ದೋಣಿಯ ಮೂತಿ ಒಮ್ಮೆ ಆಕಾಶವನ್ನು ನೋಡಿ ಮರುಕ್ಷಣ ನೊರೆಯೊಳಗೆ ಮುಳುಗುತ್ತಿತ್ತು. ಭಯವಾಯಿತೆಂಬುದನ್ನು ಮುಚ್ಚಿಡಲಾರೆ, ಭಯದ ಜೊತೆಗೆ ಸಂತೋಷವೂ ಆಯಿತೆಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಇಳುಕಲನ್ನು ದಾಟಿದ ಮೇಲೆ ನೀರು ನಿಂತಂತೆ ತೋರುವ ಒಂದು ಮಡುವಿನಲ್ಲಿ ದೋಣಿಯನ್ನು ದಡಕ್ಕೆ ಸೇರಿಸಿದರು. ಬಂಡೆಯ ಮೇಲೆ ಕುಳಿತು ಬರೆಯುವುದು ಅಂದಿನ ಅಭ್ಯಾಸ.

ಮಾರ್ಗದರ್ಶಕರ ಮೂರು ನಿಯಮಗಳನ್ನು ನಾನು ಅಕ್ಷರಶಃ ಪಾಲಿಸಿದೆ. 'ನಾನು' ಎಂಬುದು ಎಲ್ಲಿಯೂ ಬರಲಿಲ್ಲ. ಆದರೆ ಆರನೆಯ ವಾಕ್ಯ ಹೀಗಿತ್ತು: 'ಮನುಷ್ಯನ ಕೈ ಸೋಕದ ಈ ಕನ್ಯೆ ತನ್ನ ಇಚ್ಛೆಯಂತೆ ಕುಣಿಯುತ್ತ ಕಡಲಿನೆಡೆಗೆ ಓಡುತ್ತಿದ್ದಾಳೆ.' ಬರೆದು ಮುಗಿಸಿ, ಎಲ್ಲರೆದುರು ಗಟ್ಟಿಯಾಗಿ ಓದಿದೆ. ಕೆಲವರು ಮೆಚ್ಚಿಕೊಂಡರು. ಪಕ್ಕದಲ್ಲಿ ಕುಳಿತು ಹಗ್ಗ ಸುತ್ತುತ್ತಿದ್ದ ನಮ್ಮ ದೋಣಿಯ ಯುವಕ ತಲೆಯೆತ್ತಿ ನೋಡಿದ. "ಹೇಗಿದೆಯಪ್ಪ?" ಎಂದು ಕೇಳಿದೆ. ಅವನು ಸಂಕೋಚದಿಂದಲೇ, "ಛಲೋ ಐತಿ ಸರ್. ಆದ್ರ ಇದು ಬಿಟ್ಟ ನೀರು. ಮ್ಯಾಲೆ ಕರೆಂಟ್ ತೆಗೀತಾರಲ್ಲ, ಅದರ ನೀರು. ಅವರು ಬಂದ್ ಮಾಡಿದ್ರ ನಾವೂ ಬಂದ್" ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಅಜ್ಜನ ಮನಿ ಆ ಡ್ಯಾಮಿನ ಒಳಗ ಐತಿ" ಎಂದು ಸೇರಿಸಿದ. ಅವನ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಅವನು ಹಗ್ಗ ಸುತ್ತುವುದನ್ನು ಮುಂದುವರಿಸಿದ. ನನಗೆ ಮಾತ್ರ ಕೈಯಲ್ಲಿದ್ದ ಹಾಳೆ ಭಾರವಾಯಿತು.

ಅವನ ಮಾತು ಅಕ್ಷರಶಃ ನಿಜ. ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ ಹುಟ್ಟಿ, ಸುಮಾರು 184 ಕಿಲೋಮೀಟರು ಹರಿದು ಕಾರವಾರದ ಬಳಿ ಅರಬ್ಬೀ ಸಮುದ್ರವನ್ನು ಸೇರುವ ಕಾಳಿ, ನಮ್ಮ ನಾಡಿನಲ್ಲಿ ಮನುಷ್ಯನ ಕೈ ಅತಿಯಾಗಿ ಸೋಕಿದ ನದಿಗಳಲ್ಲಿ ಒಂದು. ಗಣೇಶಗುಡಿಯಲ್ಲಿ 101 ಮೀಟರು ಎತ್ತರದ ಸೂಪಾ ಅಣೆಕಟ್ಟು ನಿಂತಿದೆ. ಕೆಳಗೆ ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಮತ್ತೆ ಮತ್ತೆ ಕಟ್ಟೆಗಳಿವೆ. ದಡದಲ್ಲಿ ಕೈಗಾ ಅಣುವಿದ್ಯುತ್ ಕೇಂದ್ರವಿದೆ. ಸೂಪಾ ಎಂಬುದು ಒಂದು ಕಾಲಕ್ಕೆ ತಾಲ್ಲೂಕಿನ ಕೇಂದ್ರವಾಗಿದ್ದ ಊರು. 1980ರ ದಶಕದಲ್ಲಿ ಅಣೆಕಟ್ಟು ಮುಗಿದು ನೀರು ನಿಂತಾಗ ಆ ಊರು ಮುಳುಗಿತು. ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಸರಿಯಿತು. ಮನೆ ಹೊಲ ಕಳೆದುಕೊಂಡವರಲ್ಲಿ ಅನೇಕರು ರಾಮನಗರದ ಪುನರ್ವಸತಿಗೆ ಹೋದರು. ನಾವು ಹುಟ್ಟು ಹಾಕಿದ ಪ್ರವಾಹವು ಅಣೆಕಟ್ಟಿನ ಬುಡದ ವಿದ್ಯುದಾಗಾರದ ಯಂತ್ರಗಳನ್ನು ತಿರುಗಿಸಿ ಹೊರಬಿದ್ದ ನೀರು. ಅದು ಏರುವುದೂ ಇಳಿಯುವುದೂ ನಾಡಿನ ವಿದ್ಯುತ್ತಿನ ಬೇಡಿಕೆಯನ್ನು ಅನುಸರಿಸಿ. ಅಂಥ ನೀರನ್ನು ನಾನು ಇಚ್ಛೆಯಂತೆ ಕುಣಿಯುವ ಕನ್ಯೆಯೆಂದು ಬರೆದಿದ್ದೆ!

ಆ ರಾತ್ರಿ ನಿದ್ದೆ ಬಾರದೆ ಮಲಗಿದ್ದಾಗ, ಅಮೃತಚಂದ್ರಾಚಾರ್ಯರು 'ಪುರುಷಾರ್ಥಸಿದ್ಧ್ಯುಪಾಯ'ದಲ್ಲಿ ಅಸತ್ಯವನ್ನು ನಾಲ್ಕಾಗಿ ವಿಂಗಡಿಸಿರುವುದು ನೆನಪಿಗೆ ಬಂದಿತು. ಇರುವುದನ್ನು ಇಲ್ಲವೆನ್ನುವುದು ಮೊದಲನೆಯದು. ಇಲ್ಲದುದನ್ನು ಇದೆಯೆನ್ನುವುದು ಎರಡನೆಯದು. ಒಂದು ವಸ್ತುವನ್ನು ಮತ್ತೊಂದೆಂದು ಹೇಳುವುದು ಮೂರನೆಯದು. ನಿಂದ್ಯವಾದ, ಹಿಂಸೆಗೆ ಕಾರಣವಾಗುವ ಮತ್ತು ಅಪ್ರಿಯವಾದ ಮಾತುಗಳು ನಾಲ್ಕನೆಯ ವರ್ಗಕ್ಕೆ ಸೇರುತ್ತವೆ. ಪಾಠ ಹೇಳುವಾಗ ಎಷ್ಟೋ ಬಾರಿ ಈ ವಿಂಗಡಣೆಯನ್ನು ವಿವರಿಸಿದ್ದೆ. ನನ್ನ ಒಂದೇ ವಾಕ್ಯದಲ್ಲಿ ಮೊದಲ ಮೂರೂ ಒಟ್ಟಿಗೆ ಕೂಡಿಬಂದಿದ್ದುವು. ಕಣ್ಣೆದುರಿನ ಅಣೆಕಟ್ಟನ್ನೂ ಮುಳುಗಿದ ಊರನ್ನೂ ಇಲ್ಲವಾಗಿಸಿದ್ದೆ. ಇಲ್ಲದ ನಿರ್ಮನುಷ್ಯ ನಿಸರ್ಗವನ್ನು ಸೃಷ್ಟಿಸಿದ್ದೆ. ಯಂತ್ರದಿಂದ ಹೊರಬಿದ್ದ ಪ್ರವಾಹವನ್ನು ಸ್ವಚ್ಛಂದ ನರ್ತನವೆಂದು ಕರೆದಿದ್ದೆ. ಯಾರನ್ನೂ ವಂಚಿಸುವ ಉದ್ದೇಶ ನನಗಿರಲಿಲ್ಲ ಎಂಬುದು ನಿಜ. ಆದರೆ ಉಮಾಸ್ವಾಮಿಗಳು 'ತತ್ತ್ವಾರ್ಥಸೂತ್ರ'ದಲ್ಲಿ ಹಿಂಸೆಯ ಮೂಲವನ್ನು ಪ್ರಮಾದದಲ್ಲಿ, ಅಂದರೆ ಎಚ್ಚರಗೇಡಿತನದಲ್ಲಿ ಗುರುತಿಸಿದ್ದಾರೆ. ಆ ಅಣೆಕಟ್ಟಿನ ದಾರಿಯಲ್ಲಿಯೇ ನಾವು ಬಂದಿದ್ದೆವು. ವಾಹನದ ಕಿಟಕಿಯಿಂದ ಅದನ್ನು ನೋಡಿಯೂ ಇದ್ದೆ. ಹಾಳೆಯ ಮುಂದೆ ಕುಳಿತಾಗ ಅದು ನೆನಪಿಗೆ ಬಾರದೆ ಹೋದುದೇ ನನ್ನ ಪ್ರಮಾದ. ಸುಂದರವಾದ ವಾಕ್ಯವೊಂದು ಕೈಗೆ ಸಿಕ್ಕಿತ್ತು. ಅದಕ್ಕೆ ಅಡ್ಡಿಯಾಗುವುದನ್ನೆಲ್ಲ ಮನಸ್ಸು ತಾನಾಗಿಯೇ ದೂರ ತಳ್ಳಿತ್ತು.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಹಾಗಾದರೆ ಅಲಂಕಾರಗಳೆಲ್ಲ ಅಸತ್ಯವೇ? ಪಂಪನಿಂದ ಮೊದಲುಗೊಂಡು ನಮ್ಮ ಜೈನ ಕವಿಗಳು ಮಾಡಿದ ವರ್ಣನೆಗಳ ಗತಿಯೇನು? ನನಗೆ ತೋರುವ ಸಮಾಧಾನ ಇಷ್ಟು. ಕಾವ್ಯದಲ್ಲಿ ರೂಪಕವು ರೂಪಕವೆಂದು ಓದುಗನಿಗೆ ತಿಳಿದಿರುತ್ತದೆ. ಅಲ್ಲಿ ಇಬ್ಬರ ನಡುವೆ ಒಂದು ಒಪ್ಪಂದವಿದೆ. ನಿಸರ್ಗವನ್ನು ಕುರಿತ ಗದ್ಯವನ್ನು ಓದುವವನು ಅದನ್ನು ಸಾಕ್ಷಿಯೆಂದು ಓದುತ್ತಾನೆ. ತಾನು ಕಾಣದ ಸ್ಥಳವನ್ನು ಕಂಡುಬಂದವನ ಮಾತೆಂದು ನಂಬುತ್ತಾನೆ. ಆ ನಂಬಿಕೆ ಇರುವಲ್ಲಿ ಬರೆದವನ ಹೊಣೆ ಸಾಕ್ಷಿಯ ಹೊಣೆಯೇ ಆಗುತ್ತದೆ.

ಜನ್ನನ 'ಯಶೋಧರ ಚರಿತೆ' ಈ ಸಂದರ್ಭದಲ್ಲಿ ನೆನಪಾಗುತ್ತದೆ. 1209ರಲ್ಲಿ ರಚಿತವಾದ ಆ ಕಾವ್ಯದ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ತಿಳಿದುದೇ. ತಾಯಿಯ ಒತ್ತಾಯಕ್ಕೆ ಮಣಿದು ಯಶೋಧರನು ಜೀವಂತ ಕೋಳಿಯ ಬದಲಿಗೆ ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ. ಕತ್ತರಿಸಿದ್ದು ಹಿಟ್ಟನ್ನೇ ಆದರೂ ಸಂಕಲ್ಪಹಿಂಸೆಯ ಫಲವನ್ನು ತಾಯಿಮಗ ಇಬ್ಬರೂ ಭವಭವಗಳಲ್ಲಿ ಉಣ್ಣುತ್ತಾರೆ. ಪ್ರತಿಮೆಯನ್ನು ಮಾಡುವುದು ನಿರಪಾಯಕರವೆಂದು ನಾವು ಭಾವಿಸುತ್ತೇವೆ. ವಸ್ತುವಿನ ಪ್ರತಿಮೆಯೊಡನೆ ನಾವು ಹೇಗೆ ವರ್ತಿಸುತ್ತೇವೋ ಅದರಲ್ಲಿ ನಮ್ಮ ಭಾವ ಅಡಗಿದೆ ಎಂಬುದು ಆ ಕಥೆಯ ಬೋಧೆ. ನನ್ನ ಹಾಳೆಯ ಮೇಲಣ ಕಾಳಿಯೂ ಅಕ್ಷರಗಳಿಂದ ಮಾಡಿದ ನದಿಯೇ. ಅಲ್ಲಿ ಊರನ್ನು ಅಳಿಸಿದಾಗ ಯಾರ ಮನೆಯೂ ಹೊಸದಾಗಿ ಮುಳುಗಲಿಲ್ಲ. ಆದರೂ ಒಮ್ಮೆ ಮುಳುಗಿದವರನ್ನು ಮತ್ತೊಮ್ಮೆ ಮರೆಯುವ ಅಭ್ಯಾಸವು ನನ್ನಲ್ಲಿಯೂ ನನ್ನ ಓದುಗರಲ್ಲಿಯೂ ಬಲಿಯುತ್ತಿತ್ತು.

ಹಾಗೆಂದು ಕಂಡುದನ್ನೆಲ್ಲ ಬರೆದುಬಿಡುವುದೇ ಸತ್ಯವೇ? ಮೂರನೆಯ ದಿನ ಇದಕ್ಕೂ ಪರೀಕ್ಷೆ ಒದಗಿತು. ದಾಂಡೇಲಿಯ ಕಾಡು ಮಂಗಟ್ಟೆ ಹಕ್ಕಿಗಳಿಗೆ ಹೆಸರಾದುದು. 2011ರಲ್ಲಿ ಅವುಗಳಿಗಾಗಿಯೇ ಅಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೊಂದನ್ನು ಘೋಷಿಸಲಾಯಿತು. ಮೊಟ್ಟೆಯಿಡುವ ಕಾಲದಲ್ಲಿ ಹೆಣ್ಣು ಮಂಗಟ್ಟೆ ದೊಡ್ಡ ಮರದ ಪೊಟರೆಯನ್ನು ಹೊಕ್ಕು, ಬಾಯಿಯನ್ನು ಬಹುಮಟ್ಟಿಗೆ ಮುಚ್ಚಿಕೊಂಡು, ಕೊಕ್ಕು ತೂರುವಷ್ಟು ಸೀಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಗಂಡು ಹಣ್ಣುಗಳನ್ನು ತಂದು ಆ ಸೀಳಿನಲ್ಲಿ ಉಣಿಸುತ್ತದೆ. ಗಂಡು ಬೆದರಿ ದೂರವಾದರೆ ಒಳಗಿರುವ ಜೀವಗಳಿಗೆ ಅನ್ನವಿಲ್ಲ. ಅಂಥ ಒಂದು ಮರವನ್ನು ದೂರದಿಂದ ನಮಗೆ ತೋರಿಸಿದರು. ತಮ್ಮನ ಮಗಳು ಅದನ್ನು ಬಹು ಸೊಗಸಾಗಿ ಬರೆದಳು. ಆ ಮರಕ್ಕೆ ಹೋಗುವ ದಾರಿಯ ಗುರುತುಗಳನ್ನೂ ಬರೆದಳು. ಓದುವಾಗ ಅವಳೇ ತಡೆದು, "ದೊಡ್ಡಪ್ಪ, ಇದು ನಿಜವೇ ಆದರೂ ಬರೆಯಬಾರದು ಅನ್ನಿಸುತ್ತಿದೆ. ಓದಿದವರೆಲ್ಲ ಕ್ಯಾಮೆರಾ ಹಿಡಿದು ಅಲ್ಲಿಗೇ ಹೋದರೆ?" ಎಂದಳು. ದಾರಿಯ ಗುರುತಿದ್ದ ಎರಡು ಸಾಲನ್ನು ಹೊಡೆದುಹಾಕಿದಳು.

ನಾನು ಅಣೆಕಟ್ಟನ್ನು ಮುಚ್ಚಿಟ್ಟದ್ದು ತಪ್ಪಾದರೆ, ಅವಳು ಗೂಡಿನ ದಾರಿಯನ್ನು ಮುಚ್ಚಿಟ್ಟದ್ದು ಸರಿಯಾದುದು ಹೇಗೆ? ಎರಡೂ ಮರೆಮಾಚುವಿಕೆಯೇ ಅಲ್ಲವೇ? ಭೇದವಿರುವುದು ಯಾರ ರಕ್ಷಣೆಗಾಗಿ ಎಂಬುದರಲ್ಲಿ. ನಾನು ಮುಚ್ಚಿಟ್ಟದ್ದು ನನ್ನ ವಾಕ್ಯದ ಸೊಗಸನ್ನೂ ನನ್ನ ಸಂತೋಷವನ್ನೂ ಕಾಪಾಡಿಕೊಳ್ಳುವುದಕ್ಕೆ. ಅವಳು ಮುಚ್ಚಿಟ್ಟದ್ದು ಮೂರನೆಯ ಒಂದು ಜೀವವನ್ನು ಕಾಪಾಡುವುದಕ್ಕೆ. ಅದಕ್ಕಾಗಿ ತನ್ನ ಬರಹದ ಕುತೂಹಲವನ್ನು ಅವಳು ಬಿಟ್ಟುಕೊಟ್ಟಳು. ಮುಖ್ಯವಾಗಿ, ಅವಳ ಮೌನದಿಂದ ಓದುಗನಿಗೆ ಸುಳ್ಳು ತಿಳಿವಳಿಕೆಯೇನೂ ಉಂಟಾಗಲಿಲ್ಲ. ನನ್ನ ಮೌನದಿಂದ ಉಂಟಾಗುತ್ತಿತ್ತು. ಹಿಂಸೆಗೆ ದಾರಿ ಮಾಡಿಕೊಡುವ ಮಾತನ್ನು, ಅದು ಇದ್ದುದನ್ನೇ ಹೇಳಿದರೂ, ಆಚಾರ್ಯರು ಅಸತ್ಯದ ನಾಲ್ಕನೆಯ ವರ್ಗದಲ್ಲಿ ಏಕೆ ಇರಿಸಿದರೆಂಬುದು ನನಗೆ ಸ್ಪಷ್ಟವಾದದ್ದು ಅಂದು, ಆ ಹುಡುಗಿಯ ಲೇಖನಿಯ ಎರಡು ಗೆರೆಗಳಿಂದ. ಸತ್ಯವು ಅಹಿಂಸೆಯನ್ನು ಕಾಯುವ ಬೇಲಿ. ಬೇಲಿಯೇ ಬೆಳೆಯನ್ನು ಮೇಯಬಾರದು.

ಊರಿಗೆ ಮರಳಿದ ಮೇಲೆ ಹಿರಿಯ ಮಿತ್ರರೊಬ್ಬರು ಇನ್ನೂ ಕಠಿಣವಾದ ಪ್ರಶ್ನೆಯನ್ನು ಎತ್ತಿದರು. "ನೀರನ್ನು ಸೋಸಿ ಕುಡಿಯುವ ಮನೆತನದವರು ನೀವು. ಅಪ್ಕಾಯಿಕ ಜೀವಗಳನ್ನು ವೃಥಾ ಬಾಧಿಸಬಾರದೆಂದು ಬಲ್ಲವರು. ವಿನೋದಕ್ಕಾಗಿ ಹೊಳೆಗೆ ಹೋಗಿ ನೀರನ್ನು ಹುಟ್ಟಿನಿಂದ ಬಡಿಯುವುದು ಅನರ್ಥದಂಡವಲ್ಲವೇ?" ಸಮಂತಭದ್ರಾಚಾರ್ಯರು ಪ್ರಯೋಜನವಿಲ್ಲದೆ ನೆಲ, ನೀರು, ಬೆಂಕಿ, ಗಾಳಿಗಳನ್ನು ಕಲಕುವುದನ್ನೂ ವ್ಯರ್ಥ ಅಲೆದಾಟವನ್ನೂ ಅನರ್ಥದಂಡದಲ್ಲಿಯೇ ಗಣಿಸಿದ್ದಾರೆಂಬುದು ನಿಜ. ಬರೆಯುವುದಕ್ಕೆಂದು ಹೋದೆನೆಂಬ ಸಮರ್ಥನೆ ಸಾಲದು. ಬರವಣಿಗೆಯ ನೆಪದಲ್ಲಿ ವಿನೋದವನ್ನು ಪಾವನಗೊಳಿಸಿಕೊಳ್ಳುವುದೂ ಒಂದು ಬಗೆಯ ಅಸತ್ಯವೇ. ಆದುದರಿಂದ ಎಲ್ಲರೂ ದೋಣಿಯೇರಿರೆಂದು ನಾನು ಹೇಳಲಾರೆ.

ಆದರೆ ಅವರ ಪ್ರಶ್ನೆಗೆ ಎದುರಾಗಿ ಒಂದು ಪ್ರಶ್ನೆಯನ್ನು ನಾನೂ ಇಟ್ಟೆ. ಹೊಳೆಯ ಬಳಿಗೆ ಹೋಗದವರು ಹೊಳೆಯನ್ನು ಬಾಧಿಸುವುದಿಲ್ಲವೇ? ಜಯನಗರ, ಬನಶಂಕರಿ, ಜೆ.ಪಿ. ನಗರಗಳ ನಮ್ಮ ನಲ್ಲಿಗಳಲ್ಲಿ ಬರುವುದು ಕಾವೇರಿ. 1974ರಲ್ಲಿ ಮೊದಲ ಹಂತ ಆರಂಭವಾದಂದಿನಿಂದ ಇಂದಿನವರೆಗೆ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರ, ಸುಮಾರು 500 ಮೀಟರು ಎತ್ತರಕ್ಕೆ ಯಂತ್ರಗಳು ಆ ನೀರನ್ನು ಎತ್ತಿ ತರುತ್ತಿವೆ. ಯಂತ್ರಗಳು ತಿರುಗಲು ವಿದ್ಯುತ್ತು ಬೇಕು; ನಾಡಿನ ವಿದ್ಯುತ್ತಿನಲ್ಲಿ ಕಾಳಿಯ ಪಾಲೂ ಇದೆ. ನಾವು ಮನೆಯಲ್ಲಿ ಕುಳಿತು ನೀರು ಸೋಸುವಾಗಲೂ ತಲೆಯ ಮೇಲಿನ ದೀಪದಲ್ಲಿ ಕಾಳಿಯ ಹನಿ ಇರಬಹುದು. ಅಣೆಕಟ್ಟನ್ನು ಶಪಿಸುವುದಕ್ಕಾಗಿ ಈ ಮಾತನ್ನು ಆಡುತ್ತಿಲ್ಲ. ಅದು ಬೆಳಕು ಕೊಟ್ಟಿದೆ, ನಮ್ಮ ಯುವಕನಿಗೆ ಒಂದು ಉದ್ಯೋಗವನ್ನೂ ಕೊಟ್ಟಿದೆ. ಅವನ ಅಜ್ಜನ ಮನೆಯನ್ನು ತೆಗೆದುಕೊಂಡೂ ಇದೆ. ಒಂದೇ ವಸ್ತುವಿನ ಈ ಮುಖಗಳಲ್ಲಿ ಯಾವುದನ್ನೂ ಬಿಡದೆ ಹೇಳುವುದು ಅನೇಕಾಂತವಾದಿಯ ಕರ್ತವ್ಯ. ದೂರವಿರುವುದೇ ನಿರ್ದೋಷತ್ವವಲ್ಲ; ಅರಿಯದಿರುವುದೂ ಪ್ರಮಾದವೇ. ನನ್ನ ಪ್ರವಾಸಕ್ಕೆ ಏನಾದರೂ ಪ್ರಯೋಜನವಿದ್ದರೆ ಈ ಅರಿವೊಂದೇ. ಅದು ನನ್ನ ನಲ್ಲಿಯನ್ನೂ ದೀಪವನ್ನೂ ಸ್ವಲ್ಪವಾದರೂ ಮಿತಗೊಳಿಸದಿದ್ದರೆ ಮಿತ್ರರ ಆಕ್ಷೇಪಣೆ ಪೂರ್ತಿಯಾಗಿ ನಿಲ್ಲುತ್ತದೆ.

ಸಾಕ್ಷಿಯ ಹೊಣೆಯನ್ನು ಪೂರ್ತಿಯಾಗಿ ಹೊತ್ತ ಹಿರಿಯರು ನಮ್ಮಲ್ಲಿದ್ದರು. ಶಿವರಾಮ ಕಾರಂತರು ಪಶ್ಚಿಮಘಟ್ಟದ ಕಾಡನ್ನೂ ಕಡಲನ್ನೂ ಜೀವಮಾನವೆಲ್ಲ ಬರೆದು, ಕಾಳಿಯ ದಡದ ಕೈಗಾ ಯೋಜನೆ ತಪ್ಪೆಂದು ಮನಗಂಡಾಗ ಬರಹಕ್ಕೆ ನಿಲ್ಲದೆ, 1989ರಲ್ಲಿ ತಮ್ಮ ಇಳಿವಯಸ್ಸಿನಲ್ಲಿ ಲೋಕಸಭೆಯ ಚುನಾವಣೆಗೂ ನಿಂತರು. ಗೆಲ್ಲಲಿಲ್ಲ. ಅವರ ನಿಲುವನ್ನು ಒಪ್ಪದವರೂ ಅವರ ಮಾತಿಗೂ ನಡೆಗೂ ಅಂತರವಿರಲಿಲ್ಲವೆಂಬುದನ್ನು ಒಪ್ಪಲೇಬೇಕು.

ಅಷ್ಟು ಶಕ್ತಿ ನಮಗಿಲ್ಲದಿರಬಹುದು. ಆದರೆ ಅಭ್ಯಾಸಕ್ಕೆ ನದಿ ದೂರವೇನೂ ಇಲ್ಲ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳೆಂದು ಪ್ರತೀತಿಯಿರುವ ವೃಷಭಾವತಿ ಮೈಸೂರು ರಸ್ತೆಯ ಮಗ್ಗುಲಲ್ಲಿ ಹರಿದು, ಕೆಂಗೇರಿಯನ್ನು ದಾಟಿ, ಬೈರಮಂಗಲದ ಕೆರೆಯ ಮೂಲಕ ಅರ್ಕಾವತಿಯನ್ನು ಸೇರುತ್ತಾಳೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಕಾವೇರಿಯಿಂದ ನಾವು ತಂದ ನೀರಿನಲ್ಲಿ ಒಂದು ಭಾಗ, ನಮ್ಮ ಮನೆಗಳ ಕೊಳೆಯನ್ನು ಹೊತ್ತು, ಈ ದಾರಿಯಲ್ಲಿಯೂ ಕಾವೇರಿಗೇ ಹಿಂತಿರುಗುತ್ತದೆ. ಅಲ್ಲಿ ಯಾರೂ ದೋಣಿಯೇರುವುದಿಲ್ಲ; ಯಾವ ಶಿಬಿರವೂ ನಡೆಯುವುದಿಲ್ಲ. ಬಹುಮಂದಿ ಅದನ್ನು ಮೋರಿಯೆಂದೇ ಕರೆಯುತ್ತಾರೆ. ಒಂದನ್ನು ಮತ್ತೊಂದೆಂದು ಹೇಳುವ ಮೂರನೆಯ ಅಸತ್ಯಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕೆ?

ಕಳೆದ ತಿಂಗಳು ನಾನೂ ತಮ್ಮನ ಮಗಳೂ ಮೈಸೂರು ರಸ್ತೆಯ ಒಂದು ಸೇತುವೆಯ ಮೇಲೆ ಬೆಳಗಿನ ಹತ್ತು ನಿಮಿಷ ಮೌನವಾಗಿ ನಿಂತೆವು. ವಾಹನಗಳ ಸದ್ದಿನ ಕೆಳಗೆ ನೀರಿನ ಸದ್ದು ಕೇಳಿಸಿತು. ಕಪ್ಪು ನೀರು, ಬಿಳಿಯ ನೊರೆ, ಅಂಚಿನಲ್ಲಿ ಒಂಟಿ ಬೆಳ್ಳಕ್ಕಿ. ಕಂಡುದನ್ನು ಕಂಡಷ್ಟೇ ಬರೆದೆ. ಐದನೆಯ ವಾಕ್ಯದವರೆಗೆ 'ನಾನು' ಎಂಬುದು ಬರಲಿಲ್ಲ. ಆರನೆಯ ವಾಕ್ಯದಲ್ಲಿ ಅದು ಬರಲೇಬೇಕಾಯಿತು, ಏಕೆಂದರೆ ಆ ನೀರಿನಲ್ಲಿ ನಮ್ಮ ಮನೆಯದೂ ಇತ್ತು.